ಹೊರಡುವ ಹಿಂದಿನ ದಿನ ಸರ್ವಿಸ್ ಮಾಡಿಸಬೇಡಿ

ಪ್ರಶ್ನೆ: ನನ್ನ ಬಳಿ 2021ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್ ಇದೆ. ಇದುವರೆಗೆ 38,000 ಕಿ.ಮೀ. ಓಡಿದೆ. ಬರುವ ಜುಲೈನಲ್ಲಿ ಬೆಂಗಳೂರಿನಿಂದ ಹೊರಟು ಸ್ಪಿತಿ ಕಣಿವೆ, ಅಲ್ಲಿಂದ ಲೇಹ್, ಹೀಗೆ ಒಬ್ಬನೇ ಹೋಗಿಬರುವ ಯೋಚನೆಯಿದೆ. ಹೋದ ಮಳೆಗಾಲದಲ್ಲಿ ಸಕಲೇಶಪುರದ ಕಡೆ ಮಣ್ಣಿನ ದಾರಿಯಲ್ಲಿ ಗಾಡಿ ಎರಡು ಸಲ ಕೈಕೊಟ್ಟಿತು. ಒಮ್ಮೆ ಚೈನ್ ಕಳಚಿತು. ಇನ್ನೊಮ್ಮೆ ಹಳ್ಳ ದಾಟಿದ ಮೇಲೆ ನಿಂತುಹೋಗಿ, ಅರ್ಧ ಗಂಟೆಯ ನಂತರ ತಾನಾಗಿಯೇ ಸರಿಹೋಯಿತು. ಗೆಳೆಯರು ಇದನ್ನು ಮಾರಿ ಹೊಸದು ಕೊಳ್ಳಲು ಹೇಳುತ್ತಿದ್ದಾರೆ. ಏನು ಮಾಡಲಿ? ಯಾವ ಬಿಡಿಭಾಗಗಳನ್ನು ಜೊತೆಗೆ ಒಯ್ಯಲಿ?
– ರಾಜಾಜಿನಗರದ ಓದುಗರು

ಉತ್ತರ: ಮಾರಬೇಡಿ. ನೀವು ಹೇಳಿದ ಎರಡು ತೊಂದರೆಗಳಲ್ಲಿ ಯಾವುದೂ ಎಂಜಿನ್ನಿನದಲ್ಲ, ಗಾಡಿಯ ವಯಸ್ಸಿನದೂ ಅಲ್ಲ. ನಿನ್ನೆ ಷೋರೂಮಿನಿಂದ ತಂದ ಗಾಡಿಯ ಚೈನೂ ಸಡಿಲ ಬಿಟ್ಟರೆ ಕಳಚುತ್ತದೆ, ಕೆಸರು ಹೊಕ್ಕರೆ ಅದೂ ಮೂಕಾಗುತ್ತದೆ. ಹೊಸ ಗಾಡಿಯ ಸದ್ದು ನಿಮ್ಮ ಕಿವಿಗೆ ಗೊತ್ತಿರುವುದಿಲ್ಲ. ಈ ಗಾಡಿಯ ಸದ್ದು ಗೊತ್ತು. ಯಾವುದು ಅದರ ಸಹಜ ಗೊರಗೊರ, ಯಾವುದು ಇವತ್ತು ಹೊಸದಾಗಿ ಸೇರಿಕೊಂಡ ಟಕಟಕ ಎಂದು 38,000 ಕಿ.ಮೀ. ಓಡಿಸಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬರೇ ಹೋಗುವಾಗ ಇದು ಬಹಳ ದೊಡ್ಡ ಆಸ್ತಿ.

ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಲ್ಲೇ ಇಪ್ಪತ್ತು ವರ್ಷ ಗಾಡಿ ಬಿಚ್ಚಿ ಜೋಡಿಸಿದ್ದೇನೆ. ಬಿಡುವು ಸಿಕ್ಕಾಗಲೆಲ್ಲ ಕಚ್ಚಾ ದಾರಿಗಳಲ್ಲಿ ಓಡಿಸಿಯೂ ಇದ್ದೇನೆ. ನನಗೆ ಮನವರಿಕೆಯಾದದ್ದು ಇಷ್ಟು: ಇಂಥ ದಾರಿಯಲ್ಲಿ ಗಾಡಿ ಏಕಾಏಕಿ ಮುರಿಯುವುದು ಅಪರೂಪ. ಅದು ಸಡಿಲವಾಗುತ್ತದೆ, ಉಜ್ಜುತ್ತದೆ, ಧೂಳು ಕುಡಿಯುತ್ತದೆ, ಒಣಗುತ್ತದೆ. ಮುರಿಯುವುದು ಆಮೇಲೆ. ಈ ನಡುವೆ ಒಂದೆರಡು ದಿನವಾದರೂ ಅದು ಸುಳಿವು ಕೊಡುತ್ತಲೇ ಇರುತ್ತದೆ. ಆ ಸುಳಿವನ್ನು ಹಿಡಿಯುವ ಕೈ ನಿಮ್ಮದಾಗಬೇಕು. ಬಿಡಿಭಾಗಗಳ ಪಟ್ಟಿ ಆಮೇಲಿನ ಮಾತು.

ಮೊದಲು ಎಲ್ಲರೂ ಮಾಡುವ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ. ಹೊರಡುವ ಹಿಂದಿನ ದಿನ ಗಾಡಿಯನ್ನು ಸರ್ವಿಸ್‌ಗೆ ಬಿಟ್ಟು, ಸಂಜೆ ತೊಳೆದು ಹೊಳೆಯುವ ಗಾಡಿ ತಂದು, ಬೆಳಗಿನ ಜಾವ ಹೊರಟುಬಿಡುತ್ತಾರೆ. ವರ್ಷಗಳ ಹಿಂದೆ ನಾನೂ ಹೀಗೆಯೇ ಹೊರಟಿದ್ದೆ. ಗಡಿಬಿಡಿಯಲ್ಲಿದ್ದುದರಿಂದ ಆಯಿಲ್ ಬದಲಾಯಿಸುವ ಕೆಲಸವನ್ನು ಬೇರೆಯವರಿಗೆ ವಹಿಸಿದ್ದೆ. ಅನಂತಪುರ ದಾಟಿ ಚಹಾಕ್ಕೆ ಇಳಿದಾಗ ಬಲಗಾಲಿನ ಬೂಟು ಒದ್ದೆಯಾಗಿತ್ತು. ಬಗ್ಗಿ ನೋಡಿದರೆ ಎಂಜಿನ್ ಅಡಿಯ ಡ್ರೈನ್ ಬೋಲ್ಟ್ ಬೆರಳಲ್ಲೇ ತಿರುಗುತ್ತಿತ್ತು. ಕೈಯಲ್ಲಿ ತಿರುಗಿಸಿ ಕೂರಿಸಿದವರು ಸ್ಪ್ಯಾನರ್ ಹಾಕುವುದನ್ನು ಮರೆತಿದ್ದರು. ಇನ್ನು ಹತ್ತು ಕಿಲೋಮೀಟರ್ ಹೋಗಿದ್ದರೆ ಎಂಜಿನ್ ಸೀಜ್ ಆಗಿ ಒಳಗೇ ಕಚ್ಚಿಕೊಳ್ಳುತ್ತಿತ್ತು.

ಈಗಷ್ಟೇ ಬಿಚ್ಚಿ ಜೋಡಿಸಿದ ಗಾಡಿ ಇನ್ನೂ ಪರೀಕ್ಷೆಯಾಗದ ಗಾಡಿ. ಹೊಸ ಚೈನ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಹಿಗ್ಗುತ್ತದೆ. ಹೊಸದಾಗಿ ಬಿಗಿದ ಸ್ಪೋಕ್ ಕಡ್ಡಿಗಳು ತಮ್ಮ ಜಾಗದಲ್ಲಿ ಕೂತು ಮತ್ತೆ ಸಡಿಲವಾಗುತ್ತವೆ. ಆದ್ದರಿಂದ ದೊಡ್ಡ ಕೆಲಸವೆಲ್ಲ ಹೊರಡುವುದಕ್ಕೆ ಕನಿಷ್ಠ 1,000 ಕಿ.ಮೀ. ಮುಂಚೆ ಮುಗಿದಿರಲಿ. ನಿಮಗೆ ಜುಲೈ ಎಂದರೆ ಮೇ ತಿಂಗಳಲ್ಲೇ ಶುರುಮಾಡಿ. ಆಮೇಲೆ ಲಡಾಖಿಗೆ ಒಯ್ಯುವ ಅಷ್ಟೂ ಸಾಮಾನನ್ನು ಹೇರಿಕೊಂಡು ಎರಡು ದಿನದ ಒಂದು ಸುತ್ತು ಹಾಕಿ. ಮಧುಗಿರಿ, ಪಾವಗಡ, ಚಿತ್ರದುರ್ಗದ ಕಡೆ ಡಾಂಬರು ಬಿಟ್ಟು ಹಳ್ಳಿಗಳ ನಡುವಿನ ಜಲ್ಲಿ ದಾರಿ ಹಿಡಿಯಿರಿ. ವಾಪಸು ಬಂದ ಮೇಲೆ ಪ್ರತಿ ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಿ. ಎಷ್ಟು ಸಡಿಲವಾಗಿವೆ ಎಂದು ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ.

ಈಗ ನಿಮ್ಮ ಚೈನಿನ ವಿಷಯ. ಅದು ಕಂಪನಿಯಿಂದ ಬಂದ ಮೊದಲ ಚೈನೇ ಆಗಿದ್ದರೆ 38,000 ಕಿ.ಮೀ.ಗೆ ಅದರ ಆಯಸ್ಸು ಮುಗಿದು ಬಹಳ ಕಾಲವಾಗಿದೆ. ನೋಡುವ ವಿಧಾನ ಸುಲಭ: ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲಿನ ಚಕ್ರದ) ತೀರಾ ಹಿಂಬದಿಯಲ್ಲಿ ಚೈನನ್ನು ಎರಡು ಬೆರಳಿನಿಂದ ಹಿಡಿದು ಹಿಂದಕ್ಕೆ ಎಳೆಯಿರಿ. ಚೈನ್ ಮೇಲೆದ್ದು ಹಲ್ಲಿನ ಅರ್ಧ ಭಾಗ ಕಣ್ಣಿಗೆ ಬಿದ್ದರೆ ಬದಲಾಯಿಸಲೇಬೇಕು. ಹಲ್ಲುಗಳ ಆಕಾರವನ್ನೂ ಗಮನಿಸಿ. ಸರಿಯಾದ ಹಲ್ಲು ಎರಡೂ ಕಡೆ ಒಂದೇ ಇಳಿಜಾರಿನದು. ಸವೆದದ್ದು ಹುಲಿಯುಗುರಿನಂತೆ ಒಂದು ಕಡೆಗೆ ಬಾಗಿರುತ್ತದೆ. ಬದಲಾಯಿಸುವಾಗ ಚೈನ್, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಬದಲಾಯಿಸಿ. ಹಳೆಯ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಆ ಹಲ್ಲು ಹೊಸ ಚೈನನ್ನೂ ತಿಂದುಹಾಕುತ್ತದೆ.

ಚೈನ್ ಎಷ್ಟು ಸಡಿಲವಿರಬೇಕು ಎಂಬುದರಲ್ಲಿ ಅನುಭವಸ್ಥರೂ ಎಡವುತ್ತಾರೆ. ಕೈಪಿಡಿಯಲ್ಲಿ ಹೇಳಿದ ಅಳತೆ ಖಾಲಿ ಗಾಡಿಯದು. ನೀವು ಕೂತು, ಹಿಂದೆ ಮೂವತ್ತು ಕಿಲೋ ಹೇರಿದಾಗ ಸಸ್ಪೆನ್ಷನ್ ಕುಸಿದು ಚೈನ್ ಇನ್ನಷ್ಟು ಬಿಗಿಯಾಗುತ್ತದೆ. ಮನೆಯ ಮುಂದೆ ಸರಿಯಾಗಿದ್ದ ಚೈನ್ ಗುಂಡಿಗೆ ಬಿದ್ದ ಗಳಿಗೆಯಲ್ಲಿ ತಂತಿಯಂತೆ ಸೆಟೆದು, ಗೇರ್‌ಬಾಕ್ಸಿನ ಶಾಫ್ಟಿನ ಬೇರಿಂಗನ್ನೇ ಎಳೆಯುತ್ತದೆ. ಆದ್ದರಿಂದ ಸಾಮಾನು ಹೇರಿ, ಒಬ್ಬರನ್ನು ಸೀಟಿನ ಮೇಲೆ ಕೂರಿಸಿಕೊಂಡು ಪರೀಕ್ಷಿಸಿ. ಆಗಲೂ ಚೈನ್ ಸ್ವಲ್ಪ ಆಡುತ್ತಿರಬೇಕು. ಕಳಚುವಷ್ಟು ಸಡಿಲವೂ ತಪ್ಪು, ಬಿಗಿಯೂ ತಪ್ಪು. ಆದರೆ ಎರಡರಲ್ಲಿ ಹೆಚ್ಚು ನಷ್ಟ ತರುವುದು ಬಿಗಿ. ಪ್ರತಿ 500 ಕಿ.ಮೀ.ಗೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, 90 ನಂಬರಿನ ಗೇರ್ ಆಯಿಲ್ ಹಚ್ಚಿ. ಮಳೆಯಲ್ಲಿ ಓಡಿಸಿದರೆ ಅದೇ ಸಂಜೆ ಹಚ್ಚಿ. ತಂತಿ ಬ್ರಷ್ ಹಾಕಿ ಉಜ್ಜಬೇಡಿ, ಒಳಗಿನ ರಬ್ಬರ್ ಉಂಗುರಗಳು ಹರಿಯುತ್ತವೆ. ಜೊತೆಗೆ ಒಂದು ಚೈನ್ ಲಾಕ್, ಅಂದರೆ ಚೈನಿನ ಎರಡು ತುದಿ ಜೋಡಿಸುವ ಕೊಂಡಿ, ಇಟ್ಟುಕೊಳ್ಳಿ. ಅದರ ಕ್ಲಿಪ್ ಹಾಕುವಾಗ ಮುಚ್ಚಿದ ತುದಿ ಚೈನ್ ಚಲಿಸುವ ದಿಕ್ಕಿಗಿರಲಿ. ತಿರುಗಿಸಿ ಹಾಕಿದರೆ ಒಂದು ಕಲ್ಲು ತಾಗಿದರೂ ಹಾರಿಹೋಗುತ್ತದೆ.

ಮುಂದಿನ ಸ್ಪ್ರಾಕೆಟ್ಟಿನ ಬಗ್ಗೆ ಒಂದು ಸಲಹೆ. ನಿಮ್ಮ ಗಾಡಿಯದು 15 ಹಲ್ಲಿನದು. 14ರದ್ದನ್ನೂ ಒಂದು ಕೊಂಡುಕೊಳ್ಳಿ. ಮನಾಲಿ ತಲುಪಿದ ಮೇಲೆ ಅದನ್ನು ಹಾಕಿದರೆ ಎಳೆತ ಶೇ 7ರಷ್ಟು ಹೆಚ್ಚುತ್ತದೆ. ಇದರ ಬೆಲೆ ಏನೆಂಬುದು ಘಟ್ಟ ಹತ್ತುವಾಗ ಗೊತ್ತಾಗುತ್ತದೆ. ಮನಾಲಿ–ಲೇಹ್ ರಸ್ತೆಯ ಬಾರಾಲಾಚಾ ಕಣಿವೆದಾರಿ 4,890 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. 24 ಅಶ್ವಶಕ್ತಿಯ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಗಾಡಿ ಎಳೆಯುತ್ತಿಲ್ಲವೆಂದು ಅನೇಕರು ಅರ್ಧ ಕ್ಲಚ್ ಹಿಡಿದುಕೊಂಡೇ ಹತ್ತುತ್ತಾರೆ, ಹತ್ತು ಕಿಲೋಮೀಟರಿನಲ್ಲಿ ಕ್ಲಚ್ ಪ್ಲೇಟ್ ಸುಟ್ಟುಕೊಳ್ಳುತ್ತಾರೆ. ಅಲ್ಲಿ ಎಂಜಿನ್ ಕೆಟ್ಟಿಲ್ಲ, ಅದಕ್ಕೆ ಉಸಿರು ಸಾಲುತ್ತಿಲ್ಲ. ಮೊದಲ ಗೇರಿನಲ್ಲಿ, ಕ್ಲಚ್ ಪೂರ್ತಿ ಬಿಟ್ಟು, ನಿಧಾನವಾಗಿ ಹತ್ತಿ.

ಹಳ್ಳ ದಾಟಿದ ಮೇಲೆ ನಿಂತದ್ದಕ್ಕೆ ನನ್ನ ಮೊದಲ ಅನುಮಾನ ಸೈಡ್ ಸ್ಟ್ಯಾಂಡ್ ಸ್ವಿಚ್ಚಿನ ಮೇಲೆ. ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ಓಡಬಾರದು ಎಂಬ ಸುರಕ್ಷತೆಗಾಗಿ ಇಟ್ಟ ಸಣ್ಣ ಸ್ವಿಚ್ ಅದು. ಇರುವುದು ನೆಲಕ್ಕೆ ಹತ್ತಿರ, ಕೆಸರಿನ ಬಾಯಲ್ಲಿ. ಕೆಸರು ತುಂಬಿ ಅದು ಸಿಕ್ಕಿಕೊಂಡರೆ, ಸ್ಟ್ಯಾಂಡ್ ಎತ್ತಿದ್ದರೂ ಇಳಿದಿದೆ ಎಂದೇ ಗಾಡಿಗೆ ಲೆಕ್ಕ. ಅರ್ಧ ಗಂಟೆಯಲ್ಲಿ ನೀರು ಒಣಗಿ ತಾನಾಗಿಯೇ ಸರಿಹೋಯಿತು ಎಂಬ ನಿಮ್ಮ ಮಾತೂ ಅದಕ್ಕೇ ಹೊಂದುತ್ತದೆ. ಸ್ಟ್ಯಾಂಡನ್ನು ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿ, ಬಾಟಲಿ ನೀರಿನಿಂದ ತೊಳೆದರೆ ಸಾಮಾನ್ಯವಾಗಿ ಬಿಡುತ್ತದೆ. ಹೊರಡುವ ಮುಂಚೆ ಸ್ವಿಚ್ ಬಿಚ್ಚಿ ಶುಚಿಮಾಡಿ, ಅದರ ವೈರಿನ ಜೋಡಣೆಯೊಳಗೆ ನೀರು ಹೊಗದಂತೆ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ. ಕ್ಲಚ್ ಲಿವರಿನ ಕೆಳಗೆ ಇರುವ ಸ್ವಿಚ್ಚಿಗೂ ಇದೇ ಉಪಚಾರ. ಎರಡನೆಯ ಅನುಮಾನ ಬ್ಯಾಟರಿ ಟರ್ಮಿನಲ್. ಸೀಟು ತೆಗೆದು ಎರಡೂ ವೈರುಗಳನ್ನು ಅಲ್ಲಾಡಿಸಿ ನೋಡಿ. ಅಲ್ಲಾಡಲೇಬಾರದು.

ನೀರಿನ ಮಾತು ಬಂದಾಗ ಇದನ್ನೂ ನೆನಪಿಡಿ. ಸ್ಪಿತಿ ರಸ್ತೆಯಲ್ಲಿ ಬಾತಲ್‌ನಿಂದ ಗ್ರಾಂಫೂವರೆಗಿನ ದಾರಿಯಲ್ಲಿ ಹಿಮ ಕರಗಿದ ತೊರೆಗಳು ರಸ್ತೆಗೆ ಅಡ್ಡ ಹರಿಯುತ್ತವೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು ಮಧ್ಯಾಹ್ನದ ಬಿಸಿಲಿಗೆ ಮೊಣಕಾಲು ಮುಟ್ಟುತ್ತದೆ. ಬೆಳಿಗ್ಗೆಯೇ ದಾಟಿ. ಮೊದಲು ನಡೆದು ದಾಟಿ ನೋಡಿ, ಆಮೇಲೆ ಗಾಡಿಯಲ್ಲಿ. ಬಿದ್ದು ಗಾಡಿ ನೀರಲ್ಲಿ ಮಲಗಿದರೆ ದಯವಿಟ್ಟು ಸ್ಟಾರ್ಟರ್ ಒತ್ತಬೇಡಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ, ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ, ಕನೆಕ್ಟಿಂಗ್ ರಾಡ್ ಬಾಗಿಬಿಡುತ್ತದೆ. ದಡಕ್ಕೆ ತಂದು, ಏರ್‌ಫಿಲ್ಟರ್ ಡಬ್ಬಿ ತೆಗೆದು ನೋಡಿ. ಒದ್ದೆಯಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಮೇಲೆ ಎಂಜಿನ್ ತಿರುಗಿಸಿ ನೀರನ್ನು ಹೊರಹಾಕಿ. ಕೊನೆಗೆ ಆಯಿಲ್ ಬಣ್ಣ ನೋಡಿ. ಹಾಲು ಬೆರೆಸಿದ ಕಾಫಿಯಂತಿದ್ದರೆ ಆಯಿಲ್ ಬದಲಾಯಿಸದೆ ಮುಂದೆ ಹೋಗಬೇಡಿ.

ಧೂಳು ನೀರಿಗಿಂತ ಮೋಸದ್ದು, ಏಕೆಂದರೆ ಅದು ಗಾಡಿಯನ್ನು ನಿಲ್ಲಿಸುವುದಿಲ್ಲ, ಸದ್ದಿಲ್ಲದೆ ಎಂಜಿನ್ ಸವೆಸುತ್ತದೆ. ಫಿಲ್ಟರಿನ ಆಚೆ ಬದಿ, ಎಂಜಿನ್ನಿಗೆ ಶುದ್ಧ ಗಾಳಿ ಹೋಗುವ ಕೊಳವೆಯೊಳಗೆ, ಬಿಳಿ ಬಟ್ಟೆ ಸುತ್ತಿದ ಬೆರಳನ್ನು ಒಮ್ಮೆ ಆಡಿಸಿ. ಬಟ್ಟೆಗೆ ಕೆಂಪು ಹತ್ತಿದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ ಎಂದರ್ಥ. ಫಿಲ್ಟರಿನ ಅಂಚಿಗೆ ತೆಳುವಾಗಿ ಗ್ರೀಸ್ ಹಚ್ಚಿ ಕೂರಿಸಿ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ, ಇನ್ನೊಂದನ್ನು ಜೊತೆಗೆ ಒಯ್ಯಿರಿ. ಹಗುರವಾದ ವಸ್ತು, ಬ್ಯಾಗಿನಲ್ಲಿ ಭಾರವಾಗುವುದಿಲ್ಲ.

ಹ್ಯಾಂಡಲಿನ ಕೋನ್ ಸೆಟ್ (ಹ್ಯಾಂಡಲ್ ತಿರುಗಲು ಇರುವ ಬೇರಿಂಗ್) ಮತ್ತು ಚಕ್ರದ ಬೇರಿಂಗ್‌ಗಳನ್ನು ಇಷ್ಟು ಓಡಿದ ಗಾಡಿಯಲ್ಲಿ ನಂಬಬೇಡಿ. ಮುಂದಿನ ಚಕ್ರ ನೆಲ ಬಿಡುವಂತೆ ಎಂಜಿನ್ ಅಡಿಯ ತಗಡಿಗೆ ಮರದ ತುಂಡು ಕೊಟ್ಟು, ಹ್ಯಾಂಡಲನ್ನು ಒಂದು ಬೆರಳಿನಿಂದ ನಿಧಾನವಾಗಿ ತಿರುಗಿಸಿ. ನಡುವಿನಲ್ಲಿ ಬಂದು ಕಚ್ಚಿದಂತೆ ನಿಂತರೆ ಕೋನ್ ಸೆಟ್ ಹೋಗಿದೆ. ಬೇರಿಂಗಿನ ಪಕ್ಕದಲ್ಲಿ ಅದರ ನಂಬರ್ ಕೆತ್ತಿರುತ್ತದೆ. ಅದನ್ನು ತೋರಿಸಿದರೆ ಜೆ.ಸಿ. ರಸ್ತೆಯಲ್ಲಿ ಹತ್ತು ಅಂಗಡಿಯಲ್ಲಿ ಸಿಗುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷದಿಂದ ಬದಲಾಯಿಸಿಲ್ಲವಾದರೆ ಈಗ ಬದಲಾಯಿಸಿ. ಅದು ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ, ಉದ್ದನೆಯ ಇಳಿಜಾರಿನಲ್ಲಿ ಬಿಸಿಯೇರಿ ಬ್ರೇಕ್ ಸಡಿಲವಾಗುತ್ತದೆ.

ಇನ್ನು ಟೈರ್. ನಿಮ್ಮ ಗಾಡಿಯದು ಟ್ಯೂಬ್ ಇರುವ, ಕಡ್ಡಿಗಳ ಚಕ್ರ. ಮುಂದೆ 21 ಇಂಚು, ಹಿಂದೆ 17. ಜಲ್ಲಿಯಲ್ಲಿ ಹಿಡಿತ ಬೇಕೆಂದು ಗಾಳಿ ಇಳಿಸುವುದು ಸರಿ. ಮುಂದೆ 25 ಪೌಂಡ್ ಇದ್ದದ್ದನ್ನು 20ಕ್ಕೆ ಇಳಿಸಬಹುದು. ಅದಕ್ಕಿಂತ ಕಡಿಮೆ ಮಾಡಿ ಚೂಪು ಕಲ್ಲಿಗೆ ಹೊಡೆದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಿ, ಸಣ್ಣ ಪಂಪ್ ಜೊತೆಗಿರಲಿ. 21 ಇಂಚಿನ ಟ್ಯೂಬ್ ಸಣ್ಣ ಊರುಗಳ ಪಂಕ್ಚರ್ ಅಂಗಡಿಯಲ್ಲಿ ಸಿಗುವುದು ಕಷ್ಟ. ಹೊಸ ಟ್ಯೂಬ್ ಒಂದೇ ಒಯ್ಯುವುದಾದರೆ ಮುಂದಿನದನ್ನೇ ಒಯ್ಯಿರಿ, ತುರ್ತಿಗೆ ಅದನ್ನು ಹಿಂದಿನ ಚಕ್ರಕ್ಕೂ ತುರುಕಿ ಊರು ಮುಟ್ಟಬಹುದು.

ಕಡ್ಡಿಗಳನ್ನು ಪರೀಕ್ಷಿಸಲು ಕಿವಿ ಸಾಕು. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಸಣ್ಣ ಸ್ಪ್ಯಾನರಿನಿಂದ ಒಂದೊಂದನ್ನೇ ತಟ್ಟಿ. ಬಿಗಿಯಿರುವುದು ತಂಬೂರಿಯ ತಂತಿಯಂತೆ ಟಿಣ್ ಎನ್ನುತ್ತದೆ, ಸಡಿಲವಾದದ್ದು ಠಪ್ ಎಂದು ಸುಮ್ಮನಾಗುತ್ತದೆ. ಒಂದು ಸಡಿಲ ಕಡ್ಡಿಯ ಭಾರ ಅಕ್ಕಪಕ್ಕದ ಎರಡರ ಮೇಲೆ ಬೀಳುತ್ತದೆ, ಅವು ಮುರಿದರೆ ರಿಮ್ ಬಾಗುತ್ತದೆ. ಮೊದಲ ಠಪ್ ಕೇಳಿದಾಗಲೇ ಬಿಗಿಗೊಳಿಸಿದರೆ ಎರಡು ನಿಮಿಷದ ಕೆಲಸ.

ನಮ್ಮಲ್ಲೇ ಅಭ್ಯಾಸ ಮಾಡುವುದಾದರೆ ಒಂದು ಎಚ್ಚರಿಕೆ. ಮಲೆನಾಡಿನ ಕೆಂಪು ಮಣ್ಣು ಜಾರಿಸುತ್ತದೆ, ಅಷ್ಟೆ. ಗದಗ, ಕೊಪ್ಪಳದ ಕಡೆಯ ಎರೆಮಣ್ಣು ಒಂದು ಮಳೆ ಬಿದ್ದರೆ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಹಿಟ್ಟಿನಂತೆ ಕಟ್ಟಿಕೊಂಡು ಚಕ್ರವನ್ನೇ ತಿರುಗಗೊಡುವುದಿಲ್ಲ. ಬಲವಂತ ಮಾಡಿ ಎಳೆಸಿದರೆ ಕ್ಲಚ್ ಹೋಗುತ್ತದೆ. ಒಣಗುವವರೆಗೆ ಹಳ್ಳಿಯಲ್ಲಿ ಕೂರುವುದೊಂದೇ ದಾರಿ, ಆ ಊರಿನ ಜನ ನಿಮ್ಮನ್ನು ಊಟ ಹಾಕದೆ ಕಳಿಸುವುದೂ ಇಲ್ಲ.

ಪೆಟ್ರೋಲಿನ ಲೆಕ್ಕ ಹಾಕಿಕೊಳ್ಳಿ. ಕೇಲಾಂಗ್ ಹತ್ತಿರದ ತಾಂಡಿ ಬಂಕಿನಲ್ಲಿ ಮುಂದಿನ ಬಂಕ್ 365 ಕಿ.ಮೀ. ದೂರ ಎಂಬ ಫಲಕ ಪ್ರಸಿದ್ಧ. ನಿಮ್ಮ ಟ್ಯಾಂಕ್ 15 ಲೀಟರಿನದು. ಲೀಟರಿಗೆ 30 ಸಿಕ್ಕರೆ 450 ಕಿ.ಮೀ. ಹೋಗುತ್ತದೆ. ಆದರೆ ಎತ್ತರದಲ್ಲಿ, ಕೆಳ ಗೇರಿನಲ್ಲಿ 25 ಸಿಕ್ಕರೂ ಹೆಚ್ಚು, ಅಂದರೆ 375. ಹತ್ತು ಕಿಲೋಮೀಟರಿನ ಭರವಸೆಯ ಮೇಲೆ ಹೋಗಬಾರದು. ಐದು ಲೀಟರಿನ ಲೋಹದ ಕ್ಯಾನ್ ಒಯ್ಯಿರಿ. ನೀರಿನ ಪ್ಲಾಸ್ಟಿಕ್ ಬಾಟಲಿ ಬೇಡ. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇರುವುದರಿಂದ ಅದು ತೇವ ಎಳೆದುಕೊಳ್ಳುತ್ತದೆ. ಕ್ಯಾನಿನಲ್ಲಿದ್ದುದನ್ನು ವಾರಗಟ್ಟಲೆ ಇಡದೆ ಮೊದಲು ಬಳಸಿ, ಬಂಕ್ ಸಿಕ್ಕಾಗ ಹೊಸದು ತುಂಬಿಸಿ.

ಬೆಂಗಳೂರಿನಿಂದ ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ ಮೂಲಕ ದೆಹಲಿಗೆ ರಾಷ್ಟ್ರೀಯ ಹೆದ್ದಾರಿ 44 ನೇರವಾಗಿ ಹೋಗುತ್ತದೆ. ಜೂನ್ ಕೊನೆಯಲ್ಲಿ ಹೊರಡುವುದಾದರೆ ನಾಗಪುರದಿಂದಾಚೆ ಬಿಸಿಲು ಇನ್ನೂ ಕಡುವಾಗಿರಬಹುದು. ಗಾಳಿಯಿಂದ, ಆಯಿಲಿನಿಂದ ತಣಿಯುವ ಎಂಜಿನ್ ನಿಮ್ಮದು. ಬೆಳಿಗ್ಗೆ ನಾಲ್ಕಕ್ಕೆ ಹೊರಟು ಹನ್ನೊಂದಕ್ಕೆ ನಿಲ್ಲಿಸಿ. ಗಾಜಿನ ಕಿಂಡಿಯಲ್ಲಿ ಆಯಿಲ್ ಮಟ್ಟವನ್ನು ದಿನವೂ ನೋಡಿ, ಹೆದ್ದಾರಿಯಲ್ಲಿ ಉದ್ದಕ್ಕೂ ಓಡಿದಾಗ ಅದು ಇಳಿಯುತ್ತದೆ. 15ಡಬ್ಲ್ಯೂ-50 ಆಯಿಲ್ ಅರ್ಧ ಲೀಟರ್ ಜೊತೆಗಿರಲಿ. ಹೆದ್ದಾರಿಯ ಈ ಭಾಗದಲ್ಲಿ ಆಸೆಯಿಲ್ಲವಾದರೆ ಯಶವಂತಪುರದಿಂದ ಚಂಡೀಗಢಕ್ಕೆ ರೈಲಿನ ಪಾರ್ಸೆಲ್‌ನಲ್ಲಿ ಗಾಡಿ ಕಳಿಸುವುದೂ ಒಳ್ಳೆಯ ದಾರಿಯೇ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತಾರೆ.

ಬಿಡಿಭಾಗಗಳ ಬಗ್ಗೆ ಕೇಳಿದ್ದೀರಿ. ಟ್ಯೂಬ್, ಪ್ಯಾಚ್, ಟೈರ್ ಲಿವರ್, ಚೈನ್ ಲಾಕ್, ಪ್ಲಗ್, ಫ್ಯೂಸ್, ಒಂದು ಜೊತೆ ಬ್ರೇಕ್ ಪ್ಯಾಡ್, ಬ್ರೇಕ್ ಮತ್ತು ಕ್ಲಚ್ ಲಿವರ್, ಎಂ-ಸೀಲ್, ನಾಲ್ಕೈದು ಕಡ್ಡಿ, ವೈರ್, ಟೇಪ್, ಸಾಕು. ಹೊಸ ಕ್ಲಚ್ ಕೇಬಲನ್ನು ಬ್ಯಾಗಿನಲ್ಲಿ ಇಡಬೇಡಿ. ಈಗಿರುವ ಕೇಬಲಿನ ಪಕ್ಕದಲ್ಲೇ ಎಳೆದು ಟೈ ಹಾಕಿ ಕಟ್ಟಿಬಿಡಿ. ಹಳೆಯದು ಹರಿದಾಗ ಟ್ಯಾಂಕ್ ಬಿಚ್ಚುವ ಕೆಲಸವಿಲ್ಲ, ಎರಡೂ ತುದಿ ಸಿಕ್ಕಿಸಿದರೆ ಮುಗಿಯಿತು. ಸಾಮಾನಿನ ಭಾರ ಆದಷ್ಟು ಕೆಳಗೆ, ಮುಂದಕ್ಕೆ ಇರಲಿ. ಸೀಟಿನ ಹಿಂದೆ ಎತ್ತರಕ್ಕೆ ಪೇರಿಸಿದ ಪೆಟ್ಟಿಗೆ ಪ್ರತಿ ಗುಂಡಿಯಲ್ಲೂ ಹಿಂಬದಿಯ ಚೌಕಟ್ಟನ್ನು ಸನ್ನೆಯಂತೆ ಎತ್ತುತ್ತದೆ. ಚೌಕಟ್ಟು ಬಿರುಕು ಬಿಡುವುದು ಹೀಗೆಯೇ.

ಬೋಲ್ಟ್‌ಗಳಿಗೆ ನಾನು ಮಾಡುವ ಒಂದು ಉಪಾಯವಿದೆ. ಮುಖ್ಯವಾದ ಇಪ್ಪತ್ತು ಬೋಲ್ಟ್‌ಗಳನ್ನು ಸಡಿಲವಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು ಹಚ್ಚಿ ಬಿಗಿದ ಮೇಲೆ, ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಬಿಳಿ ಉಗುರುಬಣ್ಣದಿಂದ ಒಂದು ಗೆರೆ ಎಳೆಯುತ್ತೇನೆ. ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಸಂಜೆ ಬ್ಯಾಗ್ ಇಳಿಸುವ ಮುಂಚೆಯೇ, ಎಂಜಿನ್ ಬಿಸಿಯಿರುವಾಗಲೇ, ಟಾರ್ಚ್ ಹಿಡಿದು ಗಾಡಿಗೆ ಒಂದು ಸುತ್ತು ಬಂದರೆ ಇಪ್ಪತ್ತೂ ಗೆರೆ ಕಣ್ಣಿಗೆ ಬೀಳುತ್ತವೆ. ಚೈನ್, ಕಡ್ಡಿ, ಆಯಿಲ್ ಎಲ್ಲ ಸೇರಿ ಹದಿನೈದು ನಿಮಿಷ. ಕೋಣೆಗೆ ಹೋಗಿ ಒರಗಿದ ಮೇಲೆ ಯಾರೂ ಮತ್ತೆ ಎದ್ದು ಬರುವುದಿಲ್ಲ, ಆದ್ದರಿಂದ ಮೊದಲು ಗಾಡಿ.

2015ರಲ್ಲಿ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಮರುಭೂಮಿಗಳಲ್ಲಿ ಸಾಗುವ ಡಕಾರ್ ರ‍್ಯಾಲಿಯಲ್ಲಿ ಓಡಿದ ಮೊದಲ ಭಾರತೀಯರಾದರು, 36ನೆಯ ಸ್ಥಾನದಲ್ಲಿ ಮುಗಿಸಿದರು. ಅದೇ ರ‍್ಯಾಲಿಯಲ್ಲಿ ಮೆಕ್ಯಾನಿಕ್‌ಗಳ ನೆರವೇ ಇಲ್ಲದೆ, ಒಂದು ಪೆಟ್ಟಿಗೆ ಸಾಮಾನಿನೊಂದಿಗೆ ಓಡುವವರ ವಿಭಾಗವೂ ಇದೆ. ಇಡೀ ದಿನ ಮರಳಿನಲ್ಲಿ ಓಡಿಸಿ ಬಂದು, ರಾತ್ರಿ ತಾವೇ ನೆಲದ ಮೇಲೆ ಕೂತು ಟೈರ್, ಫಿಲ್ಟರ್, ಆಯಿಲ್ ಬದಲಾಯಿಸುತ್ತಾರೆ. ಒಬ್ಬರೇ ಹೊರಟ ನಿಮ್ಮ ಪಯಣ ಅವರದಕ್ಕೆ ಹತ್ತಿರದ್ದು.

ಆದ್ದರಿಂದ ಈ ಭಾನುವಾರವೇ ಶುರುಮಾಡಿ. ಗಾಡಿಯನ್ನು ಮನೆಯ ಮುಂದೆ ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಪ್ರಯಾಣದಲ್ಲಿ ಒಯ್ಯುವ ಸ್ಪ್ಯಾನರ್‌ಗಳನ್ನು ಮಾತ್ರ ಬಳಸಿ, ಹಿಂದಿನ ಚಕ್ರ ಬಿಚ್ಚಿ, ಟ್ಯೂಬ್ ಹೊರತೆಗೆದು, ಮತ್ತೆ ಹಾಕಿ, ಗಾಳಿ ತುಂಬಿಸಿ. ಮೊದಲ ಸಲ ಎರಡು ಗಂಟೆ ಹಿಡಿಯುತ್ತದೆ, ಲಿವರ್ ಸಿಕ್ಕಿ ಒಂದು ಟ್ಯೂಬೂ ಹರಿಯಬಹುದು. ಅದು ಇಲ್ಲಿಯೇ ಹರಿಯಲಿ, ಎದುರು ಬೀದಿಯಲ್ಲೇ ಪಂಕ್ಚರ್ ಅಂಗಡಿಯಿದೆ. ನಾಲ್ಕನೆಯ ಭಾನುವಾರಕ್ಕೆ ಅದು ನಲವತ್ತು ನಿಮಿಷಕ್ಕೆ ಇಳಿದಾಗ ನನಗೆ ಇನ್ನೊಂದು ಪತ್ರ ಬರೆಯಿರಿ. ಸ್ಪಿತಿಯಲ್ಲಿ ಎಲ್ಲಿ ತಂಗಬೇಕೆಂದು ಆಗ ಮಾತಾಡೋಣ.